ಪಿಎಚ್‌ಡಿ ವೈವಾಗೆ (ಮೌಖಿಕ ಪರೀಕ್ಷೆಗೆ) ಮೂರೇ ವಾರ ಇದೆ, ಟೇಬಲ್‌ನಲ್ಲಿ ತಪ್ಪು ಸಿಕ್ಕಿದೆ, ಇಂಗ್ಲಿಷ್ ತಡವರಿಸುತ್ತೆ: ಈಗ ಏನ್ ಮಾಡ್ಲಿ?

ಪ್ರಶ್ನೆ:

"ನಮಸ್ತೆ. ನಾನು ಪ್ರಥಮ ದರ್ಜೆ ಕಾಲೇಜೊಂದ್ರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಾರ್ಟ್ ಟೈಮ್ ಪಿಎಚ್‌ಡಿ. ಸ್ವಸಹಾಯ ಸಂಘಗಳಿಂದ ಗ್ರಾಮೀಣ ಮಹಿಳೆಯರ ಸಬಲೀಕರಣ ಅನ್ನೋ ವಿಷಯ, ಒಂದೇ ತಾಲ್ಲೂಕು. 40 ಸಂಘ ಆರಿಸ್ಕೊಂಡೆ, ಒಟ್ಟು 600 ಸದಸ್ಯರು, ಎಷ್ಟು ಜನರನ್ನ ಕೇಳ್ಬೇಕು ಅಂತ ಹೇಳೋ ಯಮಾನೆ ಸೂತ್ರ ಹಾಕಿ 240 ಜನರನ್ನ 2022ರಲ್ಲಿ ಸಂದರ್ಶನ ಮಾಡಿದೆ. ಥೀಸಿಸ್ ಇಂಗ್ಲಿಷಲ್ಲಿದೆ. ಎರಡೂ ಎಕ್ಸಾಮಿನರ್ ರಿಪೋರ್ಟ್ ಪಾಸಿಟಿವ್ ಬಂದಿದೆ, ಆದ್ರೆ ಒಬ್ಬರು ಸ್ಯಾಂಪ್ಲಿಂಗ್ ಬಗ್ಗೆ, ಕೈ ಸ್ಕ್ವೇರ್ ಟೆಸ್ಟ್ ಬಗ್ಗೆ ಪ್ರಶ್ನೆ ಬರೆದಿದಾರೆ, ವೈವಾಗೆ ಬರೋರೂ ಅವರೇ, ಆಂಧ್ರದವರು. ಇನ್ನು ಮೂರು ವಾರ ಇದೆ. ನಿಜ ಹೇಳ್ಬೇಕಂದ್ರೆ ಎಸ್‌ಪಿಎಸ್‌ಎಸ್ ಕೆಲಸ, ಅಂದ್ರೆ ಆ ಸಾಫ್ಟ್‌ವೇರಲ್ಲಿ ಡೇಟಾ ಲೆಕ್ಕ ಹಾಕೋದು, ಹೊರಗಡೆ ಒಬ್ಬರ ಹತ್ರ ದುಡ್ಡು ಕೊಟ್ಟು ಮಾಡಿಸಿದ್ದು. ಬರವಣಿಗೆ ನಂದೇ, ಆದ್ರೆ ಆ ಟೆಸ್ಟ್ ಯಾಕೆ ಮಾಡಿದ್ರಿ ಅಂದ್ರೆ ನನಗೆ ಹೇಳೋಕೆ ಬರಲ್ಲ. ಮೊನ್ನೆ ಓದುವಾಗ ನಾಲ್ಕನೇ ಅಧ್ಯಾಯದ ಒಂದು ಟೇಬಲ್‌ನಲ್ಲಿ ಪರ್ಸೆಂಟೇಜ್ ಕೂಡಿದ್ರೆ 104 ಬರ್ತಿದೆ, ಅವತ್ತಿಂದ ನಿದ್ದೆ ಇಲ್ಲ. ಇಂಗ್ಲಿಷಲ್ಲಿ ಬರೀತೀನಿ, ಮಾತಾಡೋಕೆ ಹೋದ್ರೆ ತಡವರಿಸುತ್ತೆ. ಸೀನಿಯರ್ಸ್ ಬೇರೆ ಊಟ, ಶಾಲು, ಕವರ್ ಎಲ್ಲ ರೆಡಿ ಮಾಡ್ಕೋ ಅಂತಿದಾರೆ. ಫೇಲ್ ಆದ್ರೆ ಮನೆಯವರ ಮುಖ ಹೇಗೆ ನೋಡ್ಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಭಯ ಒಂದೇ ಥರ ಕಾಣ್ತಿದ್ರೂ ಅದರೊಳಗೆ ಬೇರೆ ಬೇರೆ ವಿಷಯ ಕಲಸಿಹೋಗಿವೆ. ಫೇಲ್ ಆಗೋ ಭಯ ಒಂದು, ಟೇಬಲ್ ತಪ್ಪು ಒಂದು, ಇಂಗ್ಲಿಷ್ ಒಂದು, ಕವರ್ ವಿಷಯ ಇನ್ನೊಂದು. ಇವೆಲ್ಲದಕ್ಕಿಂತ ದೊಡ್ಡದು ನೀವು ಮಧ್ಯದಲ್ಲಿ ಮೆಲ್ಲಗೆ ಹೇಳಿ ದಾಟಿಸಿದ ಆ ಎಸ್‌ಪಿಎಸ್‌ಎಸ್ ವಿಷಯ. ಗೈಡ್ ಆಗಿ, ಎಕ್ಸಾಮಿನರ್ ಆಗಿ ಟೇಬಲ್‌ನ ಎರಡೂ ಕಡೆ ಕೂತು ನೋಡಿದೀನಿ, ಹಂಗಾಗಿ ಮೂರು ವಾರದಲ್ಲಿ ನಿಮ್ಮ ಹೆಚ್ಚಿನ ಟೈಮ್ ಹೋಗಬೇಕಾದ್ದು ಅದಕ್ಕೇ ಅಂತ ಈಗಲೇ ಹೇಳಿಬಿಡ್ತೀನಿ.

ಮೊದಲು ಫೇಲ್ ವಿಷಯ ಮುಗಿಸೋಣ. ಯುಜಿಸಿಯ ಪಿಎಚ್‌ಡಿ ನಿಯಮದಲ್ಲಿ ಥೀಸಿಸ್ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಎಕ್ಸಾಮಿನರ್ ಹತ್ರ ಹೋಗ್ಬೇಕು, ಆ ಇಬ್ಬರೂ ಒಪ್ಪಿದ್ರೆ ಮಾತ್ರ ವೈವಾ. ಒಬ್ಬರು ರಿಜೆಕ್ಟ್ ಅಂದ್ರೆ ಪ್ಯಾನೆಲ್‌ನಲ್ಲಿರೋ ಇನ್ನೊಬ್ಬರಿಗೆ ಕಳಿಸ್ತಾರೆ, ಅವರೂ ಬೇಡ ಅಂದ್ರೆ ಅಲ್ಲಿಗೆ ಮುಗೀತು, ವೈವಾ ಮಾತೇ ಬರಲ್ಲ. ಅಂದ್ರೆ ನಿಮಗೆ ವೈವಾ ಡೇಟ್ ಬಂದಿದೆ ಅಂದ್ರೇನೇ ಜಾಸ್ತಿ ಜನ ಎಡವೋ ಜಾಗ ದಾಟಿದೀರಿ ಅಂತ ಅರ್ಥ. ಹಂಗಂತ "ಏ, ವೈವಾ ಅನ್ನೋದು ಬರೀ ಫಾರ್ಮಾಲಿಟಿ ಕಣ್ರೀ" ಅನ್ನೋ ಸೀನಿಯರ್ ಮಾತನ್ನೂ ಪೂರ್ತಿ ನಂಬಬೇಡಿ. ಬಹಳಷ್ಟು ಯೂನಿವರ್ಸಿಟಿಗಳ ನಿಯಮದಲ್ಲಿ ಉತ್ತರ ತೃಪ್ತಿಕರ ಅಲ್ಲ, ಇನ್ನೊಂದ್ಸಲ ವೈವಾ ಆಗ್ಲಿ ಅಂತ ಬರೆಯೋಕೆ ಅವಕಾಶ ಇರುತ್ತೆ. ಅದು ಅಪರೂಪ, ಮತ್ತೆ ನಾನು ಕಂಡ ಮಟ್ಟಿಗೆ ಆ ಸ್ಥಿತಿ ಬರೋದು ಉತ್ತರ ಗೊತ್ತಿಲ್ಲದೆ ಅಲ್ಲ, ಈ ಕೆಲಸ ಈ ಅಭ್ಯರ್ಥಿದಲ್ಲ ಅಂತ ಎದುರಿಗಿರೋರಿಗೆ ಅನುಮಾನ ಬಂದಾಗ.

ಇನ್ನೊಂದು, ಯೂಟ್ಯೂಬಲ್ಲಿ ಹೊರದೇಶದ ಡಿಫೆನ್ಸ್ (ಅಲ್ಲಿನ ವೈವಾ) ವಿಡಿಯೋ ನೋಡಿ ಹೆದರ್ಕೊಂಡೋರು ತುಂಬಾ ಜನ ಬರ್ತಾರೆ. ಅಮೆರಿಕದ್ದು ಬೇರೆ, ಅಲ್ಲಿ ಕಮಿಟಿಯವರು ವರ್ಷಗಟ್ಲೆ ಅಭ್ಯರ್ಥಿ ಜೊತೆಗೇ ಇರ್ತಾರೆ. ಬ್ರಿಟನ್ನಿಂದು ಬೇರೆ, ಅಲ್ಲಿ ಸಾಮಾನ್ಯವಾಗಿ ಬಾಗಿಲು ಹಾಕ್ಕೊಂಡು ಇಬ್ಬರು ಎಕ್ಸಾಮಿನರ್ ಗಂಟೆಗಟ್ಲೆ ಪುಟ ಪುಟ ತಿರುವಿ ಕೇಳ್ತಾರೆ. ನಮ್ಮದು ಓಪನ್ ವೈವಾ. ಗೈಡ್, ಕನಿಷ್ಠ ಒಬ್ಬ ಹೊರಗಿನ ಎಕ್ಸಾಮಿನರ್, ವಿಭಾಗದ ಮೇಷ್ಟ್ರುಗಳು, ಬೇರೆ ರಿಸರ್ಚ್ ಸ್ಕಾಲರ್‌ಗಳು, ಎಂಎ ಮಕ್ಕಳು ಎಲ್ಲ ಕೂರಬಹುದು. ನೀವು ಪ್ರೆಸೆಂಟೇಶನ್ ಕೊಡ್ತೀರಿ, ರಿಪೋರ್ಟ್‌ನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ಹೇಳ್ತೀರಿ, ಆಮೇಲೆ ಎದುರಿನಿಂದ ಪ್ರಶ್ನೆ. ಪ್ರಶ್ನೆಗಳಲ್ಲಿ ಅರ್ಧ ನಿಮ್ಮ ಕೈಗೆ ಮುಂಚೆನೇ ಬಂದಿದೆ, ಇಂಥ ಅನುಕೂಲ ಬೇರೆ ಯಾವ ಪರೀಕ್ಷೆಲೂ ಇಲ್ಲ ನೋಡಿ!

ಈಗ ಆ 104. ಗಾಬರಿ ಆಗೋಕೆ ಮುಂಚೆ ಒಂದು ಕೆಲಸ ಮಾಡಿ. ಅದೇ ಟೇಬಲ್‌ನ ಫ್ರೀಕ್ವೆನ್ಸಿ ಕಾಲಂ, ಅಂದ್ರೆ ಎಷ್ಟು ಜನ ಅನ್ನೋ ಕಾಲಂ ಕೂಡಿ, ಪರ್ಸೆಂಟ್ ಕಾಲಂ ಅಲ್ಲ. ಟೋಟಲ್ 250 ಬಂದ್ರೆ ನಿಮ್ಮ ಟೇಬಲ್ ತಪ್ಪೇ ಅಲ್ಲದಿರಬಹುದು, ಯಾಕಂದ್ರೆ 250ನ್ನ 240ರಿಂದ ಭಾಗಿಸಿದ್ರೆ ಬರೋದು 104 ಚಿಲ್ಲರೆ. ಸಾಲದ ದುಡ್ಡು ಯಾವುದಕ್ಕೆ ಖರ್ಚು ಮಾಡಿದ್ರಿ ಅನ್ನೋ ಥರದ ಪ್ರಶ್ನೆ ಆಗಿದ್ರೆ, ಒಬ್ಬಾಕೆ ಹಸು ತಗೊಂಡೆ, ಉಳಿದಿದ್ದು ಮಗಳ ಫೀಸಿಗೆ ಕಟ್ಟಿದೆ ಅಂತ ಎರಡು ಉತ್ತರ ಕೊಟ್ಟಿರ್ತಾಳೆ, ನೀವು ಎರಡನ್ನೂ ಎಣಿಸಿರ್ತೀರಿ. ಅದಕ್ಕೆ ಟೇಬಲ್ ಕೆಳಗೆ 'ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ಅವಕಾಶವಿತ್ತು' ಅಂತ ಒಂದು ಸಾಲು ಇರ್ಬೇಕಿತ್ತು, ಅದು ಬಿಟ್ಟುಹೋಗಿದೆ, ಅಷ್ಟೇ. ಪ್ರಶ್ನಾವಳಿ ತೆಗೆದು ಆ ಪ್ರಶ್ನೆ ಹಂಗೇ ಇದೆಯಾ ನೋಡ್ಕೊಳ್ಳಿ. ಅದೇ ಫ್ರೀಕ್ವೆನ್ಸಿ ಸರಿಯಾಗಿ 240 ಬಂದು ಪರ್ಸೆಂಟ್ ಮಾತ್ರ 104 ಆಗಿದ್ರೆ ಅದು ಟೈಪಿಂಗೋ ಲೆಕ್ಕದ್ದೋ ತಪ್ಪು. ಯಾವ ಸಾಲು ಅಂತ ಹುಡುಕಿ, ಆ ತಪ್ಪು ಅಂಕಿ ಇಟ್ಕೊಂಡು ಪಕ್ಕದ ಪ್ಯಾರಾದಲ್ಲಿ ಅಥವಾ ಕೊನೆ ಅಧ್ಯಾಯದಲ್ಲಿ ಏನಾದ್ರೂ ವಾದ ಮಾಡಿದೀರಾ ಅನ್ನೋದನ್ನೂ ನೋಡಿ, ಜನ ಮರೆಯೋದು ಇದನ್ನೇ. ಟೇಬಲ್ ಸರಿ ಮಾಡ್ತಾರೆ, ಕೊನೆ ಅಧ್ಯಾಯದಲ್ಲಿ ಹಳೇ ಅಂಕಿ ಹಂಗೇ ಕೂತಿರುತ್ತೆ.

ಆಮೇಲೆ ಏನು ಮಾಡೋದು ಅನ್ನೋದ್ರಲ್ಲಿ ನಿಮಗಿರೋದು ಎರಡು ದಾರಿ. ಯಾರೂ ನೋಡಲ್ಲ ಬಿಡು ಅಂತ ಸುಮ್ಮನಿರೋದು ಒಂದು. ಬಹುಶಃ ಯಾರೂ ನೋಡದೇ ಇರಬಹುದು ಕೂಡ. ಆದ್ರೆ ವೈವಾ ಪೂರ್ತಿ ನಿಮ್ಮ ಅರ್ಧ ತಲೆ ಆ ಪುಟದಲ್ಲೇ ಇರುತ್ತೆ, ಯಾರಾದ್ರೂ ನಾಲ್ಕನೇ ಅಧ್ಯಾಯ ಅಂದ ತಕ್ಷಣ ಮುಖ ಬಿಳಿಚ್ಕೊಳ್ಳುತ್ತೆ, ಮತ್ತೆ ಅವರೇ ಹುಡುಕಿ ತೋರಿಸಿದ್ರೆ ಇನ್ನೆಷ್ಟು ಟೇಬಲ್ ಹಿಂಗಿದಾವೋ ಅಂತ ಉಳಿದಿದ್ದನ್ನೂ ಕೂಡೋಕೆ ಶುರು ಮಾಡ್ತಾರೆ. ಇನ್ನೊಂದು ದಾರಿ, ಎಲ್ಲಾ ಟೇಬಲ್ ನೀವೇ ಒಂದ್ಸಲ ಕೂಡಿ ನೋಡಿ, ಸಿಕ್ಕಿದ ತಪ್ಪುಗಳನ್ನ ಒಂದೇ ಹಾಳೇಲಿ ಪುಟ ಸಂಖ್ಯೆ, ಇರೋದು, ಇರಬೇಕಾದ್ದು ಅಂತ ಬರೆದು, ಮೊದಲು ಗೈಡ್‌ಗೆ ತೋರಿಸಿ, ಅವರು ಒಪ್ಪಿದ ಮೇಲೆ ತಿದ್ದುಪಡಿ ಪಟ್ಟಿ ಅಂತ ವೈವಾ ದಿನ ಎಕ್ಸಾಮಿನರ್ ಕೈಗೆ ನೀವೇ ಕೊಡೋದು. ನನ್ನ ಮುಂದೆ ಹಂಗೆ ಹಾಳೆ ಇಟ್ಟೋರ ಬಗ್ಗೆ ನನಗೆ ಮರ್ಯಾದೆ ಹೆಚ್ಚಾಗಿದೆಯೇ ಹೊರತು ಕಮ್ಮಿ ಆಗಿಲ್ಲ. ಗೈಡ್ ಬೇಡ ಸುಮ್ನಿರಿ ಅಂದ್ರೆ ಆ ಹಾಳೆ ನಿಮ್ಮ ಫೈಲಲ್ಲೇ ಇರ್ಲಿ, ಕೇಳಿದ್ರೆ ತೆಗೀರಿ.

ಇನ್ನ ಎಸ್‌ಪಿಎಸ್‌ಎಸ್. ಮುಚ್ಚುಮರೆ ಇಲ್ಲದೆ ಮಾತಾಡೋಣ, ನಮ್ಮ ಸಮಾಜ ವಿಜ್ಞಾನದ ವಿಭಾಗಗಳಲ್ಲಿ ಇದು ನೀವೊಬ್ಬರೇ ಮಾಡಿದ್ದಲ್ಲ. ಯೂನಿವರ್ಸಿಟಿ ಗೇಟ್ ಮುಂದಿನ ಜೆರಾಕ್ಸ್ ಅಂಗಡಿ ಗೋಡೆ ಮೇಲೇ ಡೇಟಾ ಅನಾಲಿಸಿಸ್ ಮಾಡಿಕೊಡಲಾಗುವುದು ಅಂತ ನಂಬರ್ ಸಮೇತ ಅಂಟಿಸಿರ್ತಾರೆ. ಕೋರ್ಸ್‌ವರ್ಕ್‌ನಲ್ಲಿ ರಿಸರ್ಚ್ ಮೆಥಡಾಲಜಿ ಅಂತ ಒಂದು ಪೇಪರ್ ಇರುತ್ತೆ, ಅದರಲ್ಲಿ ವ್ಯಾಖ್ಯಾನ ಬರೆಸಿ ಮುಗಿಸ್ತಾರೆ, ಕಂಪ್ಯೂಟರ್ ಮುಂದೆ ಕೂರಿಸಿ ಸ್ವಂತ ಡೇಟಾ ಹಾಕ್ಸಲ್ಲ, ಆಮೇಲೆ ಥೀಸಿಸ್‌ನಲ್ಲಿ ಹೈಪಾಥಿಸಿಸ್ ಟೆಸ್ಟ್ ಮಾಡಲೇಬೇಕು ಅಂತಾರೆ. ಜನ ಎಲ್ಲಿಗೆ ಹೋಗ್ತಾರೆ ಹೇಳಿ. ಆದ್ರೂ ಒಂದು ಗೆರೆ ಇದೆ. ಸಾಫ್ಟ್‌ವೇರ್ ಓಡಿಸೋಕೆ ಸಹಾಯ ತಗೊಳ್ಳೋದು ಬೇರೆ, ಯಾವ ಟೆಸ್ಟ್ ಮಾಡ್ಬೇಕು, ಬಂದಿದ್ದರ ಅರ್ಥ ಏನು ಅಂತ ಅವರೇ ತೀರ್ಮಾನ ಮಾಡಿ, ಅವರೇ ಪ್ಯಾರಾ ಬರೆದುಕೊಟ್ಟು, ನೀವು ಅದಕ್ಕೆ ಸಹಿ ಹಾಕೋದು ಬೇರೆ. ಮೊದಲನೇದನ್ನ ಕೇಳಿದ್ರೆ ನೇರವಾಗಿ ಹೇಳಬಹುದು. ಎರಡನೇದು ಆಗಿದ್ರೆ ಈ ಮೂರು ವಾರದಲ್ಲಿ ಅದನ್ನ ನಿಜವಾಗ್ಲೂ ನಿಮ್ಮದು ಮಾಡ್ಕೊಳ್ಳಬೇಕು, ಬಾಯಿಪಾಠ ಮಾಡಿದ್ರೆ ಆಗಲ್ಲ. ಬಾಯಿಪಾಠದ ಉತ್ತರ ಎರಡನೇ ಪ್ರಶ್ನೆಗೆ ಬಿದ್ದುಹೋಗುತ್ತೆ, ಎಕ್ಸಾಮಿನರ್‌ಗಳು ಯಾವಾಗಲೂ ಎರಡನೇ ಪ್ರಶ್ನೆ ಕೇಳ್ತಾರೆ.

ಹೆಂಗೆ ಅಂತ ಹೇಳ್ತೀನಿ. ಆ ಅನಾಲಿಸಿಸ್ ಮಾಡಿದವರಿಗೆ ಫೋನ್ ಮಾಡಿ ಡೇಟಾ ಫೈಲು, ಔಟ್‌ಪುಟ್ ಫೈಲು ಎರಡನ್ನೂ ಈಸ್ಕೊಳ್ಳಿ, ದುಡ್ಡು ಕೊಟ್ಟಿದೀರಿ, ಅದು ನಿಮ್ಮದೇ. ಜಮೋವಿ ಅಂತ ಒಂದು ಸಾಫ್ಟ್‌ವೇರ್ ಇದೆ, ಪೂರ್ತಿ ಫ್ರೀ, ಎಸ್‌ಪಿಎಸ್‌ಎಸ್ ಡೇಟಾ ಫೈಲೂ ತೆರೆಯುತ್ತೆ, ಮನೆ ಲ್ಯಾಪ್‌ಟಾಪಲ್ಲಿ ಹಾಕ್ಕೊಂಡು ಥೀಸಿಸ್‌ನಲ್ಲಿರೋ ಕೈ ಸ್ಕ್ವೇರ್‌ಗಳನ್ನ ಒಂದೊಂದಾಗಿ ನೀವೇ ಮಾಡಿ ನೋಡಿ. ಅದಕ್ಕೂ ಮುಂಚೆ ಡೇಟಾ ಫೈಲಿಂದ ಒಂದಷ್ಟು ಸಾಲು ಆರಿಸ್ಕೊಂಡು ನಿಮ್ಮ ಕೈಬರಹದ ಪ್ರಶ್ನಾವಳಿ ಜೊತೆ ತಾಳೆ ನೋಡಿ, ಎಂಟ್ರಿ ಮಾಡೋರು ಅವಸರದಲ್ಲಿ ಎಡವಟ್ಟು ಮಾಡಿರ್ತಾರೆ. ಉತ್ತರ ಥೀಸಿಸ್ ಜೊತೆ ಹೊಂದಿದ್ರೆ ನಿಮ್ಮ ಭಯದಲ್ಲಿ ಮುಕ್ಕಾಲು ಪಾಲು ಅಲ್ಲೇ ಇಳಿಯುತ್ತೆ. ಹೊಂದದೇ ಹೋದ್ರೆ? ಸಣ್ಣ ವ್ಯತ್ಯಾಸ, ತೀರ್ಮಾನ ಬದಲಾಗಲ್ಲ ಅಂದ್ರೆ ತಿದ್ದುಪಡಿ ಪಟ್ಟಿಗೆ ಹಾಕಿ. ತೀರ್ಮಾನವೇ ತಿರುಗಿಬಿದ್ರೆ, ಅಂದ್ರೆ ಸಂಬಂಧ ಇದೆ ಅಂತ ಬರೆದಿದ್ದ ಕಡೆ ಇಲ್ಲ ಅಂತ ಬಂದ್ರೆ, ಅದನ್ನ ಒಬ್ಬರೇ ಇಟ್ಕೊಂಡು ಕೂರಬೇಡಿ, ಅವತ್ತೇ ಗೈಡ್‌ಗೆ ಹೇಳಿ. ಡೇಟ್ ಮುಂದಕ್ಕೆ ಹೋಗಬಹುದು, ಗೈಡ್ ಬೈಬಹುದು. ಆದ್ರೆ ಗೊತ್ತಿದ್ದೂ ತಪ್ಪು ಫಲಿತಾಂಶ ಸಮರ್ಥಿಸ್ಕೊಂಡು ಡಿಗ್ರಿ ತಗೊಂಡ್ರೆ ಅದು ನಾಳೆ ಶೋಧಗಂಗಾದಲ್ಲಿ (ಪಿಎಚ್‌ಡಿ ಥೀಸಿಸ್‌ಗಳನ್ನ ಆನ್‌ಲೈನಲ್ಲಿ ಇಡೋ ಜಾಗ) ಎಲ್ಲರ ಕಣ್ಣಿಗೂ ಬೀಳೋ ಥರ ಇರುತ್ತೆ, ಆ ರಿಸ್ಕ್ ಇದಕ್ಕಿಂತ ದೊಡ್ಡದು.

ಕೈ ಸ್ಕ್ವೇರ್ ಬಗ್ಗೆ ನಿಮಗೆ ಗೊತ್ತಿರಲೇಬೇಕಾದ್ದು ಬಹಳ ಇಲ್ಲ. ನಿಮ್ಮ ಥೀಸಿಸ್‌ನಲ್ಲಿ ಸಂಘದಲ್ಲಿ ಎಷ್ಟು ವರ್ಷದಿಂದ ಇದಾರೆ ಅನ್ನೋದಕ್ಕೂ ಮನೆ ತೀರ್ಮಾನಗಳಲ್ಲಿ ಅವರ ಮಾತು ನಡೆಯುತ್ತಾ ಅನ್ನೋದಕ್ಕೂ ಸಂಬಂಧ ನೋಡಿರ್ತೀರಿ ಅನ್ಕೊಳ್ಳೋಣ, ವರ್ಷ ಮೂರು ಗುಂಪು, ಮಾತು ನಡೆಯೋದು ಮೂರು ಮಟ್ಟ. ಎರಡಕ್ಕೂ ಸಂಬಂಧವೇ ಇಲ್ಲ ಅಂತಿದ್ರೆ ಒಂದೊಂದು ಮನೇಲೂ, ಅಂದ್ರೆ ಟೇಬಲ್‌ನ ಒಂದೊಂದು ಕೋಶದಲ್ಲೂ, ಎಷ್ಟು ಜನ ಇರ್ಬೇಕಿತ್ತು ಅಂತ ಲೆಕ್ಕ ಹಾಕಿ, ನಿಜವಾಗಿ ಇರೋದು ಅದರಿಂದ ಎಷ್ಟು ದೂರ ಇದೆ ಅಂತ ಅಳೆಯೋದೇ ಆ ಟೆಸ್ಟು. ಮೂರು ಮೂರು ಆದ್ರೆ ಡಿಗ್ರೀಸ್ ಆಫ್ ಫ್ರೀಡಂ 4, ಯಾಕೆ 4 ಅಂದ್ರೆ ಎರಡೂ ಕಡೆ ಒಂದೊಂದು ಕಳೆದು ಗುಣಿಸ್ತೀವಿ. 0.05 ಮಟ್ಟದಲ್ಲಿ ಅದರ ಗಡಿ 9.488, ನಿಮ್ಮ ಬೆಲೆ ಅದಕ್ಕಿಂತ ಜಾಸ್ತಿ ಇದ್ರೆ ಸಂಬಂಧ ಇಲ್ಲ ಅನ್ನೋ ಊಹೆ ಕೈಬಿಡ್ತೀವಿ. ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಅಂದ್ರೆ ನನ್ನ ಫಲಿತಾಂಶ 95 ಪರ್ಸೆಂಟ್ ಸರಿ ಅಂತ ದಯವಿಟ್ಟು ಹೇಳಬೇಡಿ, ಹತ್ತರಲ್ಲಿ ಎಂಟು ಜನ ಹಂಗೇ ಹೇಳಿ ಸಿಕ್ಕಿಹಾಕ್ಕೊಳ್ತಾರೆ. ನಿಜವಾಗ್ಲೂ ಸಂಬಂಧ ಇಲ್ಲದೇ ಇದ್ದಿದ್ರೆ ಇಷ್ಟು ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣಿಸ್ಕೊಳ್ಳೋ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಮ್ಮಿ, ಇಷ್ಟೇ ಅದರ ಅರ್ಥ. ಇನ್ನೊಂದು, ಔಟ್‌ಪುಟ್‌ನಲ್ಲಿ ಟೇಬಲ್ ಕೆಳಗೆ ಸಣ್ಣಕ್ಷರದಲ್ಲಿ ಇಷ್ಟು ಕೋಶಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಮ್ಮಿ ಅಂತ ಒಂದು ಸಾಲು ಎಸ್‌ಪಿಎಸ್‌ಎಸ್ ಕೊಡುತ್ತೆ. ಅಂಥ ಕೋಶ 20 ಪರ್ಸೆಂಟ್ ದಾಟಿದ್ರೆ ಆ ಟೆಸ್ಟ್ ನಂಬೋಕೆ ಕಷ್ಟ, ಗುಂಪುಗಳನ್ನ ಸೇರಿಸಿ ಮತ್ತೆ ಮಾಡ್ಬೇಕಿತ್ತು ಅಂತಾರೆ. ನಿಮ್ಮ ಎಕ್ಸಾಮಿನರ್ ಕೈ ಸ್ಕ್ವೇರ್ ಬಗ್ಗೆ ವಿಶೇಷವಾಗಿ ಬರೆದಿದಾರೆ ಅಂದ್ರೆ ಬಹುಶಃ ಇದನ್ನೇ ನೋಡಿರ್ತಾರೆ.

ಇದೆಲ್ಲಕ್ಕಿಂತ ಒಳ್ಳೇ ಎಕ್ಸಾಮಿನರ್ ಕೇಳೋ ಪ್ರಶ್ನೆ ಬೇರೆ. ಜಾಸ್ತಿ ವರ್ಷ ಸಂಘದಲ್ಲಿರೋರ ಮಾತು ಮನೇಲಿ ನಡೆಯುತ್ತೆ ಅಂತೀರಲ್ಲ, ಜಾಸ್ತಿ ವರ್ಷ ಇರೋರು ವಯಸ್ಸಲ್ಲೂ ದೊಡ್ಡೋರೇ ಅಲ್ವಾ, ನಮ್ಮ ಮನೆಗಳಲ್ಲಿ ಸೊಸೆಗಿಂತ ಅತ್ತೆ ಮಾತೇ ನಡೆಯೋದು, ಹಂಗಿದ್ಮೇಲೆ ಇದು ಸಂಘದಿಂದ ಬಂದಿದ್ದೋ ವಯಸ್ಸಿಂದ ಬಂದಿದ್ದೋ? ಇದಕ್ಕೆ ಅನಾಲಿಸಿಸ್ ಮಾಡಿಕೊಟ್ಟೋರ ಹತ್ರ ಉತ್ತರ ಇಲ್ಲ, ನಿಮ್ಮ ಹತ್ರ ಇದೆ, ಯಾಕಂದ್ರೆ ಆ ಜಗಲಿ ಮೇಲೆ ಕೂತು ಆ ಹೆಂಗಸರ ಜೊತೆ ಮಾತಾಡಿದ್ದು ನೀವು. ವಯಸ್ಸಿನ ಪ್ರಕಾರ ಗುಂಪು ಮಾಡಿ ಆ ಟೇಬಲ್ ಇನ್ನೊಂದ್ಸಲ ಹಾಕಿ ನೋಡ್ಕೊಂಡು ಹೋಗಿ. ಇಪ್ಪತ್ತೈದು ಮೂವತ್ತರ ಸೊಸೆಯಂದಿರಲ್ಲೂ ಅದೇ ವ್ಯತ್ಯಾಸ ಕಂಡ್ರೆ ನಿಮ್ಮ ವಾದ ಗಟ್ಟಿ. ಕಾಣದೇ ಹೋದ್ರೆ ಹಂಗೇ ಹೇಳಿ.

ಸ್ಯಾಂಪ್ಲಿಂಗ್ ಪ್ರಶ್ನೆ ಎಲ್ಲಿ ಚುಚ್ಚುತ್ತೆ ಅಂತಾನೂ ಊಹಿಸಬಲ್ಲೆ. ಯಮಾನೆ ಸೂತ್ರದಲ್ಲಿ 600ಕ್ಕೆ 5 ಪರ್ಸೆಂಟ್ ದೋಷ ಇಟ್ರೆ 600ನ್ನ 2.5ರಿಂದ ಭಾಗಿಸ್ತೀವಿ, 240 ಬರುತ್ತೆ, ಲೆಕ್ಕ ಸರಿ. ಆದ್ರೆ ಆ ಸೂತ್ರ ನಂಬ್ಕೊಂಡಿರೋದು ಲಾಟರಿ ಥರ ಎಲ್ಲರಿಗೂ ಸಮಾನ ಅವಕಾಶ ಇರೋ ಆಯ್ಕೆನ. ನೀವು ಪುಟದ ಮೇಲೆ ಸೂತ್ರನೂ ಹಾಕಿ ಕೆಳಗೆ ಪರ್ಪಸಿವ್ ಸ್ಯಾಂಪ್ಲಿಂಗ್ (ಬೇಕಾದೋರನ್ನ ನಾವೇ ನೋಡಿ ಆರಿಸೋದು) ಅಂತಾನೂ ಬರೆದಿದ್ರೆ, ಇವೆರಡೂ ಒಟ್ಟಿಗೆ ಹೆಂಗೆ ಹೋಗುತ್ತಮ್ಮ ಅಂತ ಕೇಳೇ ಕೇಳ್ತಾರೆ. ಹಂಗಾಗಿ ನಡೆದದ್ದು ಏನು ಅಂತ ನೆನಪು ಮಾಡ್ಕೊಳ್ಳಿ. 40 ಸಂಘನ ಉದ್ದೇಶಪೂರ್ವಕವಾಗಿ ಆರಿಸಿ, ಆ 600 ಹೆಸರಿನ ಪಟ್ಟಿಯಿಂದ ಚೀಟಿ ಎತ್ತಿ 240 ತೆಗೆದಿದ್ರೆ ಸೂತ್ರ ನಡೆಯುತ್ತೆ, ಆದ್ರೆ ನಿಮ್ಮ ತೀರ್ಮಾನ ಆ 600 ಜನಕ್ಕೆ ಮಾತ್ರ, ತಾಲ್ಲೂಕಿಗೆಲ್ಲ ಅಲ್ಲ. ವಾರದ ಸಭೆಗೆ ಬಂದೋರನ್ನ ಮಾತಾಡ್ಸಿದ್ರೆ, ಎಷ್ಟು ಜನ ಬೇಕು ಅನ್ನೋದಕ್ಕೆ ಮಾತ್ರ ಸೂತ್ರ ಬಳಸಿದೆ, ಆಯ್ಕೆ ಸಿಕ್ಕೋರ ಮೇಲೆ ಆಯ್ತು ಅಂತ ಒಪ್ಕೊಳ್ಳಿ. ಒಪ್ಕೊಂಡ ಮೇಲೆ ಇನ್ನೊಂದು ಹೆಜ್ಜೆ ನೀವೇ ಮುಂದೆ ಇಡಿ: ಸಭೆಗೆ ಬರೋರು ಸಂಘ ಚೆನ್ನಾಗಿ ನಡೀತಿರೋರು, ಕಂತು ಕಟ್ಟಕ್ಕಾಗದೆ ಬಿಟ್ಟುಹೋದೋರು ನನ್ನ 240ರಲ್ಲಿ ಇಲ್ಲ, ಹಂಗಾಗಿ ನನ್ನ ಫಲಿತಾಂಶ ಸ್ವಲ್ಪ ಒಳ್ಳೇ ಕಡೆ ವಾಲಿರಬಹುದು. ಇಷ್ಟನ್ನ ಅಭ್ಯರ್ಥಿ ಬಾಯಿಂದಲೇ ಕೇಳಿದ್ರೆ ನಾನಂತೂ ಆ ಪ್ರಶ್ನೆ ಅಲ್ಲಿಗೇ ಬಿಡ್ತೀನಿ.

ಡೇಟಾ ಹಳೇದು ಅಂತಾನೂ ಪ್ರಶ್ನೆ ಬರಬಹುದು, ನಿಮ್ಮದು 2022ರದ್ದು. 2023ರ ಆಗಸ್ಟ್ ಕೊನೇಲಿ ಗೃಹಲಕ್ಷ್ಮಿ ಶುರುವಾಯ್ತು, ಮನೆ ಯಜಮಾನಿ ಅಕೌಂಟಿಗೆ ತಿಂಗಳಿಗೆ 2000, ಹಂಗಾದ್ರೆ ಆದಾಯದ ಮೇಲೆ ಹಿಡಿತ ಅನ್ನೋ ನಿಮ್ಮ ಅಧ್ಯಾಯ ಇವತ್ತಿಗೂ ನಿಲ್ಲುತ್ತಾ? 2025ರ ಫೆಬ್ರವರಿಲಿ ಮೈಕ್ರೋಫೈನಾನ್ಸ್ ಕಿರುಕುಳ ತಡೆಯೋಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ನಿಮ್ಮ ಹೆಂಗಸರು ಸಂಘದ ಸಾಲ ತೀರಿಸೋಕೆ ಇನ್ನೊಂದು ಕಡೆ ಸಾಲ ಮಾಡ್ತಿದ್ರಾ ಅಂತ ಕೇಳಿದ್ರಾ? ಆಂಧ್ರದಿಂದ ಬರೋರಿಗೆ ಇದು ಇನ್ನೂ ಹತ್ತಿರದ ವಿಷಯ, ಅಲ್ಲಿ 2010ರಲ್ಲೇ ಮೈಕ್ರೋಫೈನಾನ್ಸ್ ಗಲಾಟೆ ಆಗಿ ಸುಗ್ರೀವಾಜ್ಞೆ ಬಂದಿತ್ತು. ಇದಕ್ಕೆಲ್ಲ ಹೊಸ ಅಧ್ಯಾಯ ಬರೆಯೋದು ಬೇಕಿಲ್ಲ, ಡೇಟಾ ತೆಗೆದ ಕಾಲ ಯಾವುದು, ಆಮೇಲೆ ಏನು ಬದಲಾಯ್ತು ಅಂತ ಒಂದು ಸ್ಲೈಡ್ ಇದ್ರೆ ಸಾಕು. ಅದೇ ಥರ ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ನಾಬಾರ್ಡ್ ಕಾರ್ಯಕ್ರಮ 1992ರಲ್ಲಿ ಶುರುವಾಗಿದ್ದು, ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರದ್ದು, ಇಂಥವು ನಾಲಿಗೆ ತುದೀಲಿರ್ಲಿ, ಇದು ತಪ್ಪಿದ್ರೆ ಎದುರಿಗಿರೋರಿಗೆ ಕಸಿವಿಸಿ ಆಗುತ್ತೆ. ಸಬಲೀಕರಣ ಅಂದ್ರೆ ನಿಮ್ಮ ಲೆಕ್ಕದಲ್ಲಿ ಏನು ಅನ್ನೋ ಪ್ರಶ್ನೆನೂ ಗ್ಯಾರಂಟಿ. ಪಾಸ್‌ಬುಕ್ ಇರೋದಾ, ಅದರಿಂದ ದುಡ್ಡು ತೆಗೆಯೋಕೆ ಯಾರನ್ನೂ ಕೇಳದೇ ಇರೋದಾ? ನಿಮ್ಮ ಪ್ರಶ್ನಾವಳಿ ಇದರಲ್ಲಿ ಯಾವುದನ್ನ ಅಳೆದಿದೆ ಅಂತ ನೋಡಿ ಹೇಳಿ.

ಇಂಗ್ಲಿಷ್ ವಿಷಯಕ್ಕೆ ಬರೋಣ. ಬೋರ್ಡ್‌ನಲ್ಲಿರೋರೆಲ್ಲ ಕನ್ನಡದವರಾದಾಗ ಮಧ್ಯ ಮಧ್ಯ ಕನ್ನಡದಲ್ಲಿ ಹೇಳಿ ಪರವಾಗಿಲ್ಲ ಅನ್ನೋದು ಸಾಮಾನ್ಯ, ಹೊರಗಿನೋರು ಬಂದಾಗ ಇಂಗ್ಲಿಷ್ ಬೇಕಾಗುತ್ತೆ. ನಿಮ್ಮ ಯೂನಿವರ್ಸಿಟಿ ನಿಯಮ ಏನನ್ನುತ್ತೆ ಅಂತ ಗೈಡ್ ಮೂಲಕ ಮುಂಚೆನೇ ಕೇಳಿಸಿ, ಕಷ್ಟ ಆದ ಕಡೆ ಕನ್ನಡದಲ್ಲಿ ಹೇಳಿದ್ರೆ ಗೈಡ್ ಇಂಗ್ಲಿಷಿಗೆ ಹೇಳಬಹುದಾ ಅನ್ನೋದನ್ನೂ ಕೇಳಿಸಿ, ಇದರಲ್ಲಿ ನಾಚಿಕೆ ಪಡೋದೇನಿಲ್ಲ. ಆದ್ರೆ ಅದನ್ನೇ ನಂಬ್ಕೊಂಡು ಹೋಗಬೇಡಿ. ತಡವರಿಕೆ ಬರೋದು ಸಾಮಾನ್ಯವಾಗಿ ಇಂಗ್ಲಿಷ್ ಕಮ್ಮಿ ಇರೋದ್ರಿಂದ ಅಲ್ಲ, ಥೀಸಿಸ್‌ನಲ್ಲಿ ಬರೆದ ಉದ್ದುದ್ದ ಇಂಗ್ಲಿಷನ್ನೇ ಬಾಯಲ್ಲಿ ಹೇಳೋಕೆ ಹೋಗೋದ್ರಿಂದ. ಪ್ರಶ್ನೆಗೆ ಉತ್ತರನ ಮೊದಲು ಕನ್ನಡದಲ್ಲೇ ಗೆಳತಿಗೆ ಹೇಳಿದಂಗೆ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಅದನ್ನ ಆರೇಳು ಪದದ ಪುಟ್ಟ ಪುಟ್ಟ ಇಂಗ್ಲಿಷ್ ವಾಕ್ಯ ಮಾಡಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. 'ಐ ಡಿಡ್ ನಾಟ್ ಟೆಸ್ಟ್ ದಟ್ ಸರ್, ಮೈ ಡೇಟಾ ಕ್ಯಾನ್ ಸೇ ಓನ್ಲಿ ದಿಸ್ ಮಚ್', ಈ ಥರದ ಒಂದೆರಡು ವಾಕ್ಯ ರೆಡಿ ಇಟ್ಕೊಳ್ಳಿ, ಗೊತ್ತಿಲ್ಲದ್ದಕ್ಕೆ ಇದಕ್ಕಿಂತ ಮರ್ಯಾದಸ್ಥ ಉತ್ತರ ಇಲ್ಲ. ಪ್ರಶ್ನೆ ಅರ್ಥ ಆಗದಿದ್ರೆ ಇನ್ನೊಂದ್ಸಲ ಕೇಳಿ ಸರ್ ಅನ್ನಿ, ಅರ್ಥ ಆಗದ ಪ್ರಶ್ನೆಗೆ ಐದು ನಿಮಿಷ ಉತ್ತರ ಕೊಟ್ಟೋರನ್ನ ನೋಡಿದೀನಿ, ಇಡೀ ರೂಮಿಗೇ ಸಂಕಟ. ಮತ್ತೆ ಸಂದರ್ಶನದಲ್ಲಿ ಆ ಹೆಂಗಸರು ಕನ್ನಡದಲ್ಲಿ ಹೇಳಿದ ಮಾತನ್ನ ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಲ್ಲಿ ಅರ್ಥ ಹೇಳಿ, ಅಲ್ಲಿ ನಿಮ್ಮ ದನಿನೇ ಬದಲಾಗುತ್ತೆ ನೋಡ್ತಿರಿ.

ಸ್ಲೈಡ್ ಬಗ್ಗೆ ಜಾಸ್ತಿ ಹೇಳಲ್ಲ. ಇಪ್ಪತ್ತು ನಿಮಿಷ ಅಂದ್ರೆ ಹದಿನೈದು ಸ್ಲೈಡ್ ಸಾಕು, ಮಹಿಳೆಯರ ಸ್ಥಾನಮಾನ ವೇದಕಾಲದಿಂದ ಇಲ್ಲಿವರೆಗೆ ಅಂತ ಶುರು ಮಾಡಿದ್ರೆ ನಿಮ್ಮ ಫೈಂಡಿಂಗ್ಸ್ ಬರೋ ಹೊತ್ತಿಗೆ ಟೈಮ್ ಮುಗಿದಿರುತ್ತೆ. ಅರ್ಧಕ್ಕಿಂತ ಹೆಚ್ಚು ಹೊತ್ತು ನೀವು ಕಂಡುಕೊಂಡಿದ್ದಕ್ಕೆ ಇಡಿ. ಕನ್ನಡದ ಸಾಲುಗಳು ನುಡಿ ಫಾಂಟ್‌ನಲ್ಲಿದ್ರೆ ಅಲ್ಲಿನ ಕಂಪ್ಯೂಟರ್‌ನಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ, ಯೂನಿಕೋಡ್‌ಗೆ ಬದಲಾಯಿಸಿ, ಪಿಡಿಎಫ್ ಒಂದು ಕಾಪಿ ಪೆನ್‌ಡ್ರೈವ್‌ಲೂ ಮೇಲ್‌ಲೂ ಇರ್ಲಿ. ಥೀಸಿಸ್ ಪ್ರತಿಗೆ ಬಣ್ಣದ ಚೀಟಿ ಅಂಟಿಸಿ, ಎಕ್ಸಾಮಿನರ್ ಪ್ರಶ್ನೆಗಳಿಗೆ ಉತ್ತರ ಮತ್ತು ಪುಟ ಸಂಖ್ಯೆ ಬರೆದ ಎರಡು ಹಾಳೆ ಜೆರಾಕ್ಸ್ ಮಾಡಿಸ್ಕೊಳ್ಳಿ, ತುಂಬಿದ ಪ್ರಶ್ನಾವಳಿ ಒಂದು ಕಟ್ಟು ಜೊತೇಲಿ ತಗೊಂಡು ಹೋಗಿ. ಆ ಕಟ್ಟು ಟೇಬಲ್ ಮೇಲಿದ್ರೆ ಫೀಲ್ಡ್‌ವರ್ಕ್ ಮಾಡಿದೀರಾ ಅನ್ನೋ ಪ್ರಶ್ನೆನೇ ಹುಟ್ಟಲ್ಲ. ಸಾಧ್ಯ ಆದ್ರೆ ಅದಕ್ಕೂ ಮುಂಚೆ ಬೇರೆಯವರ ಓಪನ್ ವೈವಾ ಒಂದಕ್ಕೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಬನ್ನಿ.

ಕವರ್. ಇದನ್ನ ಬರೆಯೋಕೆ ಬೇಜಾರು, ಆದ್ರೂ ನೀವು ಕೇಳಿದೀರಿ. ಎಕ್ಸಾಮಿನರ್‌ನ ಪ್ರಯಾಣ ಭತ್ಯೆ, ದಿನಭತ್ಯೆ, ಸಂಭಾವನೆ ಕೊಡೋದು ಯೂನಿವರ್ಸಿಟಿ ಕೆಲಸ, ನಿಮ್ಮದಲ್ಲ. ವೈವಾ ಮುಗಿದ ಮೇಲೆ ಬಂದೋರಿಗೆಲ್ಲ ಕಾಫಿ, ಬಿಸ್ಕೆಟ್ಟು, ಖುಷಿಗೆ ಒಂದು ಮೈಸೂರ್‌ಪಾಕ್ ಕೊಟ್ರೆ ಅದು ನಿಮ್ಮ ಸಂತೋಷ. ದುಡ್ಡಿನ ಕವರ್ ಬೇರೆ. ಯೂನಿವರ್ಸಿಟಿ ಪ್ರೊಫೆಸರ್ ಭ್ರಷ್ಟಾಚಾರ ತಡೆ ಕಾಯ್ದೆ ಪ್ರಕಾರ ಸಾರ್ವಜನಿಕ ಸೇವಕ, 2018ರ ತಿದ್ದುಪಡಿ ಆದ್ಮೇಲೆ ಲಂಚ ಕೊಡೋದೂ ಅಪರಾಧ, ಬಲವಂತಕ್ಕೆ ಕೊಟ್ಟಿದ್ರೆ ಏಳು ದಿನದೊಳಗೆ ಪೊಲೀಸ್ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದ್ರೆ ಮಾತ್ರ ರಕ್ಷಣೆ. ನಮ್ಮಲ್ಲಿ ಅದಕ್ಕೆ ಲೋಕಾಯುಕ್ತ ಇದೆ. ನಿಮ್ಮ ಪತ್ರದಲ್ಲಿ ಇದನ್ನ ಹೇಳ್ತಿರೋದು ಸೀನಿಯರ್ಸ್, ಎಕ್ಸಾಮಿನರೂ ಅಲ್ಲ, ಗೈಡೂ ಅಲ್ಲ. ಯಾರೂ ಕೇಳದೇ ನೀವೇ ಕವರ್ ಒಯ್ದು ಕೊಟ್ರೆ ಒಳ್ಳೇ ಎಕ್ಸಾಮಿನರ್‌ಗೆ ಅದು ಅವಮಾನ, ಎದುರಿಗೇ ಬೈಸ್ಕೊಂಡೋರಿದಾರೆ. ನಿಜವಾಗ್ಲೂ ಯಾರಾದ್ರೂ ಕೇಳಿದ್ರೆ, ಕೊಟ್ಟು ಮುಗಿಸೋದು ಸುಲಭ ಅನ್ಸುತ್ತೆ, ಕೊಡಲ್ಲ ಅಂದ್ರೆ ಡೇಟ್ ಎಳೀತಾರೇನೋ ಅನ್ನೋ ಭಯ ಇರುತ್ತೆ, ಆ ಭಯ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಥೀಸಿಸ್ ಸಲ್ಲಿಸಿದ ದಿನದಿಂದ ವೈವಾ ಫಲಿತಾಂಶದವರೆಗೆ ಆರು ತಿಂಗಳೊಳಗೆ ಮುಗಿಸ್ಬೇಕು ಅಂತ ಯುಜಿಸಿ ನಿಯಮದಲ್ಲೇ ಇದೆ, ಎಳೆದ್ರೆ ಅದನ್ನ ಉಲ್ಲೇಖಿಸಿ ರಿಜಿಸ್ಟ್ರಾರ್ (ಮೌಲ್ಯಮಾಪನ) ಅವರಿಗೆ ಅರ್ಜಿ ಕೊಡಬಹುದು. ಕೇಳಿದ ಮೆಸೇಜು, ಕಾಲ್ ವಿವರ ಡಿಲೀಟ್ ಮಾಡಬೇಡಿ.

ಮನೆಯವರ ಮುಖದ ಬಗ್ಗೆ ಬರೆದಿದೀರಿ. ಅತಿಥಿ ಉಪನ್ಯಾಸಕರ ಸಂಬಳದಲ್ಲಿ ಮನೆ ನಡೆಸ್ಕೊಂಡು, ರಜೆ ದಿನ ಹಳ್ಳಿ ಸುತ್ತಿ 240 ಜನರನ್ನ ಮಾತಾಡ್ಸಿರೋರು ನೀವು. ಅವತ್ತು ಮನೆಯವರನ್ನ ವೈವಾ ಹಾಲ್‌ಗೆ ಕರ್ಕೊಂಡು ಬರಬೇಕಾ ಬೇಡ್ವಾ ಅನ್ನೋದು ನಿಮಗೆ ಬಿಟ್ಟಿದ್ದು, ಕೆಲವರಿಗೆ ಧೈರ್ಯ ಬರುತ್ತೆ, ಕೆಲವರಿಗೆ ಅವರನ್ನ ನೋಡಿದ್ರೇನೇ ನಾಲಿಗೆ ಒಣಗುತ್ತೆ. ಎರಡನೇ ಥರದೋರಾದ್ರೆ ಊಟದ ಹೊತ್ತಿಗೆ ಬರೋಕೆ ಹೇಳಿ.

ವೈವಾದಲ್ಲಿ ಏನಾದ್ರೂ ತಿದ್ದಿ ಅಂತ ಹೇಳಿದ್ರೆ ಅವತ್ತು ಸಾಯಂಕಾಲನೇ ಗೈಡ್ ಜೊತೆ ಕೂತು ಪಟ್ಟಿ ಮಾಡ್ಕೊಳ್ಳಿ, ಎರಡು ದಿನ ಬಿಟ್ರೆ ಯಾರು ಏನಂದ್ರು ಅಂತ ಇಬ್ಬರಿಗೂ ಮರೆತುಹೋಗಿರುತ್ತೆ. ಡಿಗ್ರಿ ಪ್ರಕಟಿಸೋ ಮುಂಚೆ ಸಾಫ್ಟ್ ಕಾಪಿ ಶೋಧಗಂಗಾ ನಡೆಸೋ ಇನ್‌ಫ್ಲಿಬ್‌ನೆಟ್ ಸಂಸ್ಥೆಗೆ ಹೋಗುತ್ತೆ. ಲೈಬ್ರರಿಗೆ ಸಿಡಿ ಕೊಡುವಾಗ ಹಳೇ ಫೈಲ್ ಕೊಟ್ಟುಬಿಡೋದು ತುಂಬಾ ಕಾಮನ್, ತಿದ್ದಿದ ಫೈಲಿಗೆ ಬೇರೆ ಹೆಸರಿಟ್ಟು, ಅಪ್‌ಲೋಡ್ ಆದ್ಮೇಲೆ ನಾಲ್ಕನೇ ಅಧ್ಯಾಯ ಡೌನ್‌ಲೋಡ್ ಮಾಡಿ ಒಂದ್ಸಲ ತೆರೆದು ನೋಡ್ಕೊಳ್ಳಿ.